ದೋಣಿಯಲ್ಲಿ ತೆರೆದ ಪೆಟ್ಟಿಗೆ

ಮಗಳ ಹೊಸ ಶೂವಿನ ಡಬ್ಬಿಯಿಂದ ಬೆರಳುದ್ದದ ಬಿಳಿ ಪೊಟ್ಟಣವೊಂದು ನೆಲಕ್ಕೆ ಬಿತ್ತು. ಒಳಗೆ ಸಾಬಕ್ಕಿಯಂಥ ಹರಳುಗಳು, ಮೇಲೆ ತಿನ್ನಬಾರದೆಂಬ ಎಚ್ಚರಿಕೆ. ತೇವ ಹೀರಲೆಂದು ಡಬ್ಬಿಯೊಳಗೆ ಇಡುವ ಈ ಪೊಟ್ಟಣವನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ, ಕಸದ ಬುಟ್ಟಿಗೆ ಎಸೆಯುತ್ತಾರೆ. ನಾನೂ ಎಸೆಯಲೆಂದು ಬಗ್ಗಿ ಎತ್ತಿಕೊಂಡವಳು ಹಾಗೇ ಕುರ್ಚಿಯಲ್ಲಿ ಕುಳಿತುಬಿಟ್ಟೆ. ಇಂಥ ಪೊಟ್ಟಣಗಳನ್ನು ಬಿಸಿಲಿಗೆ ಒಣಗಿಸಿ, ಉಪ್ಪಿನಕಾಯಿಯ ಹಳೇ ಬಾಟಲಿಯಲ್ಲಿ ತುಂಬಿ, ಮುಚ್ಚಳ ಬಿಗಿದು ಇಡುತ್ತಿದ್ದ ಒಬ್ಬರು ನನಗೆ ಗೊತ್ತಿದ್ದರು... "ಅಮ್ಮಾ, ಎಂತ ಆಯ್ತು?" ಎಂದು ಮಗಳು ಕೇಳಿದಳು. ಏನಿಲ್ಲ ಎಂದೆ. ಸುಳ್ಳು ಹೇಳುವುದು ನನಗೆ ಹೊಸತಲ್ಲ. ಈ ಬರಹವೂ ಅಂಥ ಒಂದು ಸುಳ್ಳಿನ ಬಗ್ಗೆಯೇ.

ಮಂಗಳೂರಿನ ಹಂಪನಕಟ್ಟೆಯ ಒಂದು ಹಳೇ ಕಟ್ಟಡದ ಮಹಡಿಯಲ್ಲಿ ಅವರ ಕ್ಯಾಮೆರಾ ಅಂಗಡಿ ಇತ್ತು. ನಾವು ಅವರನ್ನು ಪೊರ್ಬುಗಳು ಎನ್ನುತ್ತಿದ್ದೆವು. ನಮ್ಮ ಕಡೆಯ ತುಳುವರು ಕೊಂಕಣಿ ಕ್ರಿಶ್ಚಿಯನ್ ಹಿರಿಯರನ್ನು ಮರ್ಯಾದೆಯಿಂದ ಹಾಗೆ ಕರೆಯುವುದು ವಾಡಿಕೆ, ಅದು ಹೆಸರಲ್ಲ. ಅವರ ಹೆಸರನ್ನು ಇಲ್ಲಿ ಬರೆಯುವ ಯೋಗ್ಯತೆ ನನಗಿಲ್ಲ. ಎಪ್ಪತ್ತರ ಹತ್ತಿರದ ವಯಸ್ಸು, ಇಸ್ತ್ರಿ ಹಾಕಿದ ಅರ್ಧ ತೋಳಿನ ಬಿಳಿ ಅಂಗಿ, ಹಣೆಗೆ ಏರಿಸಿಟ್ಟ ಕನ್ನಡಕ. ಎದುರಿಗೆ ಕುಳಿತವರು ಮಾತಾಡುತ್ತಿದ್ದರೆ ಕೈಯಲ್ಲಿ ಯಾವುದಾದರೂ ಲೆನ್ಸನ್ನು ಒರೆಸುತ್ತಾ, ಮಾತು ಮುಗಿದ ಮೇಲೆಯೇ ತಲೆ ಎತ್ತುತ್ತಿದ್ದರು.

ಮೊಬೈಲಿನಲ್ಲೇ ಫೋಟೋ ತೆಗೆಯುವ ಕಾಲ ಬಂದ ಮೇಲೆ ಆ ಮೆಟ್ಟಿಲು ಹತ್ತುವವರು ಕಡಿಮೆಯಾಗಿದ್ದರು. ಪಾಸ್‌ಪೋರ್ಟ್ ಫೋಟೋ, ತೀರಿಕೊಂಡವರ ಫೋಟೋಗೆ ಫ್ರೇಮು, ಒಮ್ಮೊಮ್ಮೆ ಲೆನ್ಸಿಗೆ ಹಿಡಿದ ಬೂಷ್ಟು ತೆಗೆಯುವ ಕೆಲಸ... ನಮ್ಮ ಊರಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ವಸ್ತು ಯಾವುದುಂಟು! ಆದರೆ ಅವರ ಕೈ ಎಂದರೆ ಕೈ. ಸಾಸಿವೆಯಷ್ಟಿರುವ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು, ಅದೇ ಕ್ರಮದಲ್ಲಿ ಹಿಂದಕ್ಕೆ ಹಾಕುತ್ತಿದ್ದರು. ಆ ವಯಸ್ಸಿನಲ್ಲೂ ಬೆರಳು ನಡುಗುತ್ತಿರಲಿಲ್ಲ. ಅದರ ಬಗ್ಗೆ ಬಾಯಿ ಬಿಟ್ಟು ಜಂಬ ಕೊಚ್ಚಿದವರಲ್ಲ, ಆದರೆ ಒಳಗೊಳಗೇ ಹೆಮ್ಮೆ ಇದ್ದದ್ದು ನನಗೆ ಕಾಣುತ್ತಿತ್ತು.

ಆಗ ನನಗೆ ಮೂವತ್ತೈದು. ವಾಮಂಜೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಗದ್ದೆಯ ಬದುವಿನಲ್ಲಿ ಓಡಾಡಿ ಬೆಳೆದವಳಿಗೆ ಸಮುದ್ರ ಎಂದರೆ ಉಳ್ಳಾಲದ ದಂಡೆಯಲ್ಲಿ ನಿಂತು ಕಾಲು ಒದ್ದೆ ಮಾಡಿಕೊಳ್ಳುವುದು, ಅಷ್ಟೆ. ಅಂಥವಳು ಈಜು ಕಲಿತು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮುಳುಗಿ ಎದ್ದು ಬಂದದ್ದು ಮನೆಯಲ್ಲಿ ದೊಡ್ಡ ಸುದ್ದಿ. ಅತ್ತೆಯವರು ಮಾತ್ರ, "ಮೀನು ಬೇಕಾದ್ರೆ ಮಾರ್ಕೆಟಿಗೆ ಹೋದ್ರೆ ಸಾಕಿತ್ತಲ್ಲ ಮಾರಾಯ್ತಿ" ಎಂದು ಸುಮ್ಮನಾದರು. ನಾವು ಎಂಟು ಜನರ ಒಂದು ಗುಂಪು. ಬ್ಯಾಂಕಿನವರು, ಒಬ್ಬ ಹಲ್ಲಿನ ಡಾಕ್ಟರು, ಕಾಲೇಜಿನ ಲೆಕ್ಚರರುಗಳು. ಅದರಲ್ಲಿ ಎಲ್ಲರಿಗಿಂತ ಕಡಿಮೆ ಗತ್ತಿನವಳು ನಾನು. ನೀರಿನೊಳಗೆ ಕಂಡದ್ದನ್ನು ಫೋಟೋ ತೆಗೆದು ಮಕ್ಕಳಿಗೆ ತೋರಿಸಬೇಕು ಎಂದು ಹೇಳಿಕೊಳ್ಳುತ್ತಿದ್ದೆ. ಮಕ್ಕಳಿಗೆ ಎನ್ನುವುದು ಅರ್ಧ ನಿಜ, ಗುಂಪಿನವರಿಗೆ ತೋರಿಸಬೇಕು ಎನ್ನುವುದು ಉಳಿದ ಅರ್ಧ.

ಹಾಗೆ ಪೊರ್ಬುಗಳ ಅಂಗಡಿಗೆ ಹೋದೆ. ಉದ್ದ ಲೆನ್ಸಿನ ದೊಡ್ಡ ಕ್ಯಾಮೆರಾ ಬೇಕು ಎಂದೆ. ಹಲ್ಲಿನ ಡಾಕ್ಟರ ಬಳಿ ಅಂಥದೊಂದು ಇತ್ತು, ಅವರು ಅದನ್ನು ಮಗುವಿನ ಹಾಗೆ ಎತ್ತಿಕೊಂಡೇ ದೋಣಿ ಹತ್ತುತ್ತಿದ್ದರು. ಪೊರ್ಬುಗಳು ಎಲ್ಲ ಕೇಳಿಸಿಕೊಂಡು ಕನ್ನಡಕ ಇಳಿಸಿದರು.

"ನಿಮಗೆ ಅಲ್ಲಿ ನೀರಲ್ಲಿ ಎಷ್ಟು ಕೈ ಉಂಟು ಟೀಚರ್?"

ಎರಡು ಎಂದೆ, ನಗುತ್ತಾ.

"ಎರಡಲ್ಲ. ಒಂದು ಕೈ ಗಾಳಿಯ ಮೀಟರ್ ನೋಡ್ಲಿಕ್ಕೆ, ಕಿವಿ ಕಟ್ಟಿದಾಗ ಮೂಗು ಹಿಡೀಲಿಕ್ಕೆ, ಜೊತೆಯವರಿಗೆ ಸನ್ನೆ ಮಾಡ್ಲಿಕ್ಕೆ ಬೇಕು. ಫೋಟೋಗೆ ಉಳಿಯುವುದು ಒಂದೇ ಕೈ. ಒಂದು ಕೈಯಲ್ಲಿ ಆಗುವಂಥದ್ದು ತೆಗೊಳ್ಳಿ."

ಅವರು ನೀರಿನೊಳಗೆ ಹೋದವರಲ್ಲ. ಈಜೇ ಬರುತ್ತಿರಲಿಲ್ಲ. ಗಲ್ಫಿನಲ್ಲಿ ನರ್ಸ್ ಆಗಿದ್ದ ಮಗಳು ಅಲ್ಲಿಯ ಡೈವಿಂಗ್ ಅಂಗಡಿಗಳಿಂದ ತಂದುಕೊಟ್ಟ ಪುಸ್ತಿಕೆಗಳನ್ನು ಪದ ಬಿಡದೆ ಓದಿ ಕಲಿತದ್ದು ಅವರ ವಿದ್ಯೆ. ನಮ್ಮ ಗುಂಪು ಅಂಗಡಿಗೆ ಬರಲು ಶುರು ಮಾಡಿದ ಮೇಲೆ ಅವರಿಗೆ ಹೊಸ ಹುರುಪು ಬಂದಿತ್ತು. ಈ ವಯಸ್ಸಿನಲ್ಲಿ ಕಲಿಯಲಿಕ್ಕೆ ಹೊಸತೊಂದು ಸಿಕ್ಕಿತು ಎಂದು ಹೆಂಡತಿಯ ಹತ್ತಿರ ಹೇಳುತ್ತಿದ್ದರಂತೆ. ಗುಂಪಿನ ಉಳಿದವರೂ ನನ್ನ ಕ್ಯಾಮೆರಾ ಹೇಗಿರುತ್ತದೆ ನೋಡಿ ಅವರ ಹತ್ತಿರವೇ ತೆಗೆದುಕೊಳ್ಳುವುದೆಂದು ಮಾತಾಗಿತ್ತು.

ಅವರು ಕ್ಯಾಮೆರಾ ಆರಿಸುವ ಕ್ರಮ ನೋಡಿ ನನಗೆ ನಗು ತಡೆಯಲಿಲ್ಲ. ಮೂರು ಸಣ್ಣ ಕ್ಯಾಮೆರಾಗಳನ್ನು, ಅವುಗಳ ಪ್ಲಾಸ್ಟಿಕ್ ಪೆಟ್ಟಿಗೆ ಸಮೇತ, ಮೇಜಿನ ಮೇಲೆ ಇಟ್ಟು ಬಟ್ಟೆ ಹೊದೆಸಿದರು. ನೀರಿನೊಳಗೆ ಕ್ಯಾಮೆರಾವನ್ನು ಕಾಯುವುದು ಈ ಪೆಟ್ಟಿಗೆಯೇ. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು, ಹೊರಗಿನ ಒಂದೊಂದು ಗುಂಡಿ ಒಳಗಿನ ಕ್ಯಾಮೆರಾದ ಒಂದೊಂದು ಗುಂಡಿಯನ್ನು ಒತ್ತುತ್ತದೆ. ನನ್ನ ಕೈಗೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸು ಹಾಕಿಸಿದರು. ಬಟ್ಟೆಯ ಅಡಿಗೆ ಕೈ ಹಾಕಿ, ಉಸಿರು ಬಿಗಿಹಿಡಿದು, ನೋಡದೆಯೇ ಫೋಟೋ ಕ್ಲಿಕ್ಕಿಸಬೇಕು. ಆಮೇಲೆ ಫ್ಲಾಶ್ ಆರಿಸಬೇಕು. ಮೊದಲನೆಯದರಲ್ಲಿ ನಾನು ಕ್ಯಾಮೆರಾವನ್ನೇ ಆಫ್ ಮಾಡಿದೆ. ಎರಡನೆಯದರ ಗುಂಡಿಗಳು ಎಳ್ಳಿನಷ್ಟು, ಗ್ಲೌಸಿನ ಬೆರಳಿಗೆ ಸಿಗಲೇ ಇಲ್ಲ. ಮೂರನೆಯದು ಎಲ್ಲಕ್ಕಿಂತ ಸಾದಾ, ಬೂದು ಬಣ್ಣದ್ದು, ಸಾಬೂನಿನ ಹಾಗೆ ಇತ್ತು. ಅದರಲ್ಲಿ ಎರಡೂ ಒಂದೇ ಸಲಕ್ಕೆ ಬಂತು. ಇದೇ ನಿಮ್ಮದು ಎಂದರು. ನನ್ನ ಮುಖ ಇಳಿಯಿತು. ಡಾಕ್ಟರ ಕ್ಯಾಮೆರಾದ ಮುಂದೆ ಈ ಸಾಬೂನು ಹಿಡಿದುಕೊಂಡು ಹೋಗುವುದೇ!

ನನ್ನ ಮುಖ ನೋಡಿ ಅವರಿಗೆ ಅರ್ಥವಾಗಿತ್ತು. ತಾಳ್ಮೆಯಿಂದ ಕಾರಣ ಹೇಳಿದರು. ನೀರಿನಲ್ಲಿ ದೂರದ್ದು ತೆಗೆಯುವ ಲೆನ್ಸು ದಂಡ, ನಡುವೆ ಇರುವ ಕಸವೆಲ್ಲ ಫೋಟೋದಲ್ಲಿ ಬರುತ್ತದೆ. ಕೈಯಳತೆಯಲ್ಲಿ ಇದ್ದದ್ದನ್ನು ಚೆನ್ನಾಗಿ ತೆಗೆಯುವ ಕ್ಯಾಮೆರಾ ಬೇಕು, ಮೀನಿನ ಹತ್ತಿರ ಹೋಗುವ ತಾಳ್ಮೆ ನಿಮಗೆ ಬೇಕು. ಆಳಕ್ಕೆ ಹೋದಂತೆ ನೀರು ಮೊದಲು ಕೆಂಪು ಬಣ್ಣವನ್ನು ನುಂಗುತ್ತದೆ, ಅದನ್ನು ಸರಿಮಾಡುವ ಗುಂಡಿಯೊಂದು ಇದರಲ್ಲಿದೆ, ಅದನ್ನು ಮರೆಯಬಾರದು. ಪಿಕ್ಸೆಲ್ ಎಷ್ಟು ಎಂದು ಯಾವ ಮೀನೂ ಕೇಳುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಪೆಟ್ಟಿಗೆ ಇದೇ ಕ್ಯಾಮೆರಾಕ್ಕೆಂದು ಮಾಡಿದ್ದಿರಬೇಕು. ಕ್ಯಾಮೆರಾ ಸುಮಾರಾದರೂ ಪೆಟ್ಟಿಗೆ ಒಳ್ಳೆಯದಿರಬೇಕು ಎಂದು ಎರಡೆರಡು ಸಲ ಹೇಳಿದರು. ನಾನು ಪಾಠ ಹೇಳುವವಳು, ಆದರೆ ಅಷ್ಟು ಸುಲಭವಾಗಿ ತಿಳಿಯುವ ಹಾಗೆ ನಾನೆಂದೂ ಪಾಠ ಮಾಡಿಲ್ಲ.

ತೆಗೆದುಕೊಂಡ ತಕ್ಷಣ ಕೈಗೆ ಕೊಡಲಿಲ್ಲ. ಪೆಟ್ಟಿಗೆಯನ್ನು ಬಾವಿಗೆ ಇಳಿಸಿ ನೋಡದೆ ಕೊಡುವುದಿಲ್ಲ ಎಂದರು. ತಮಾಷೆ ಎಂದುಕೊಂಡೆ, ಅಲ್ಲ. ಕದ್ರಿಯ ಗುಡ್ಡದ ಇಳಿಜಾರಿನಲ್ಲಿ ಅವರ ಮನೆ, ಅಂಗಳದಲ್ಲಿ ಕೆಂಪುಕಲ್ಲಿನ ಕಟ್ಟೆಯ ಬಾವಿ. ಮಳೆ ಆಗಷ್ಟೇ ನಿಂತಿತ್ತು, ಬಾವಿ ತುಂಬಿತ್ತು. ಆದಿತ್ಯವಾರ ಚರ್ಚಿನಿಂದ ಬಂದವರೇ ಖಾಲಿ ಪೆಟ್ಟಿಗೆಯೊಳಗೆ ಮಡಚಿದ ಟಿಶ್ಯೂ ಕಾಗದವೊಂದನ್ನು ಇಟ್ಟು ಮುಚ್ಚಿ, ಒಂದು ಕರಿಕಲ್ಲಿನ ಜೊತೆ ಬಲೆಯ ಚೀಲಕ್ಕೆ ಹಾಕಿ, ರಾಟೆಯ ಹಗ್ಗಕ್ಕೆ ಕಟ್ಟಿ ಇಳಿಸಿದರು. ಆಮೇಲೆ ಕಟ್ಟೆಯ ಮೇಲೆ ಕುಳಿತು ಜಪಮಾಲೆ ತೆಗೆದರು. ಒಂದು ತೆರ್ಸು, ಅಂದರೆ ಇಡೀ ಜಪಮಾಲೆ ಪ್ರಾರ್ಥನೆ ಮುಗಿಯುವಷ್ಟು ಹೊತ್ತು ಪೆಟ್ಟಿಗೆ ನೀರಿನ ತಳದಲ್ಲಿ ಇರಬೇಕು. ನೀವು ಒಂದು ಸಲ ಮುಳುಗಿದರೆ ಅಷ್ಟೇ ಹೊತ್ತಲ್ಲವೇ ಎಂದು ಕೇಳಿದರು. ಲೆಕ್ಕ ಸರಿಯಿತ್ತು. ಅವರ ಹೆಂಡತಿ, ನಾನು ಆಂಟಿ ಎನ್ನುತ್ತಿದ್ದವರು, ಅಡುಗೆಮನೆಯ ಕಿಟಕಿಯಿಂದ ಇಣುಕಿ ನಕ್ಕರು. "ಮನುಷ್ಯರಿಗೆ ಆಯ್ತು, ಇನ್ನು ಪ್ಲಾಸ್ಟಿಕ್ಕಿಗೂ ತೆರ್ಸು!" ಪೊರ್ಬುಗಳು ತುಟಿ ಅಲ್ಲಾಡಿಸುತ್ತಲೇ ಕೈಯಲ್ಲಿ ಸುಮ್ಮನಿರು ಎಂದು ಸನ್ನೆ ಮಾಡಿದರು.

ಮೇಲೆ ತಂದು ಒರೆಸಿ ತೆರೆದ ಮೇಲೆ ಆ ಕಾಗದವನ್ನು ಬೆರಳಿನಿಂದ ಮುಟ್ಟಿ ನೋಡಲಿಲ್ಲ, ಕೆನ್ನೆಗೆ ಒತ್ತಿಕೊಂಡರು. ತೇವ ಬೆರಳಿಗಿಂತ ಮೊದಲು ಕೆನ್ನೆಗೆ ಗೊತ್ತಾಗುತ್ತದಂತೆ. ನನ್ನ ಕೆನ್ನೆಗೂ ಒತ್ತಿಕೊಳ್ಳಲು ಕೊಟ್ಟರು. ಕಾಗದ ಗರಿಗರಿಯಾಗಿತ್ತು.

ನೇತ್ರಾಣಿಗೆ ಹೊರಡುವ ಹಿಂದಿನ ಸಂಜೆ ಕ್ಯಾಮೆರಾವನ್ನು ಪೆಟ್ಟಿಗೆಯಲ್ಲಿ ಇಟ್ಟು ಮುಚ್ಚಿದ್ದೂ ಅವರೇ. ಅದನ್ನು ನೋಡಬೇಕಿತ್ತು ನೀವು. ಕೋಣೆಯ ಬಾಗಿಲು ಹಾಕಿ ಫ್ಯಾನು ಆರಿಸಿದರು. ಗಾಳಿಯಲ್ಲಿ ಧೂಳು, ಕೂದಲು ಹಾರಬಾರದು. ಮಂಗಳೂರಿನ ಸೆಖೆಯಲ್ಲಿ ಫ್ಯಾನಿಲ್ಲದೆ ಕುಳಿತರೆ ಗೊತ್ತಲ್ಲ, ಬೆವರು ತೊಟ್ಟಿಕ್ಕುತ್ತದೆ. ಅದೂ ಬೀಳಬಾರದೆಂದು ಹಣೆಗೆ ಬಟ್ಟೆ ಕಟ್ಟಿಕೊಂಡರು, ನನ್ನ ಕೂದಲನ್ನೂ ಕಟ್ಟಿಸಿದರು. ಪೆಟ್ಟಿಗೆಯ ಬಾಯಿಯ ಸುತ್ತ ಒಂದು ರಬ್ಬರ್ ರಿಂಗು ಇರುತ್ತದೆ. ನೀರು ಒಳಗೆ ಬಾರದಂತೆ ತಡೆಯುವುದು ಅದೊಂದೇ. ಅದನ್ನು ತೆಗೆದು, ಬೆರಳಿನಲ್ಲಿ ಚೂರು ಗ್ರೀಸು ಸವರಿ, ಬೆಳಕಿಗೆ ಹಿಡಿದು ಸುತ್ತಲೂ ನೋಡಿ, ಮತ್ತೆ ಕೂರಿಸಿದರು. ಬಾಟಲಿಯಿಂದ ಎರಡು ಬಿಳಿ ಪೊಟ್ಟಣ ತೆಗೆದು ಕ್ಯಾಮೆರಾದ ಪಕ್ಕಕ್ಕೆ ತುರುಕಿದರು. ಟಕ್ ಎಂದು ಮುಚ್ಚಿದರು. ಆಮೇಲೆ ನನ್ನ ಮುಖವನ್ನೇ ನೋಡಿ ಹೇಳಿದರು.

"ದೋಣಿಯಲ್ಲಿ ಮಾತ್ರ ತೆರೀಬೇಡಿ ಆಯ್ತಾ. ಯಾರು ಕೇಳಿದ್ರೂ ತೆರೀಬೇಡಿ. ಮನೆಗೆ ತಂದು, ಸಿಹಿನೀರಲ್ಲಿ ಮುಳುಗಿಸಿಟ್ಟು, ಮತ್ತೆ ತೆರೀರಿ. ಒಂದು ಕೂದಲು ಸಾಕು ಟೀಚರ್, ಸಮುದ್ರ ಒಳಗೆ ಬರ್ಲಿಕ್ಕೆ."

ಹೂಂ ಎಂದೆ. ಕ್ಲಾಸಿನಲ್ಲಿ ಮಕ್ಕಳು ನನಗೆ ಹೂಂ ಅನ್ನುತ್ತಾರಲ್ಲ, ಹಾಗೆ.

ಮೊದಲನೆಯ ಸಲ ಮುಳುಗಿದಾಗ ನನಗೆ ಒಂದು ಆಮೆ ಸಿಕ್ಕಿತು. ಬಂಡೆಯ ಬದಿಯಲ್ಲಿ ನಿಧಾನವಾಗಿ ಈಜುತ್ತಿತ್ತು. ಪೊರ್ಬುಗಳು ಹೇಳಿದಂತೆ ಅವಸರ ಮಾಡದೆ, ಉಸಿರನ್ನು ಮೆಲ್ಲನೆ ಬಿಡುತ್ತಾ ಹತ್ತಿರ ಹೋದೆ. ಕೈಯಳತೆಗೆ ಬಂತು. ಒಂದೇ ಕೈಯಲ್ಲಿ ಸಾಬೂನನ್ನು ಎತ್ತಿ ಹಿಡಿದು ಕ್ಲಿಕ್ಕಿಸಿದೆ. ಆಮೆ ನನ್ನನ್ನು ನೋಡಿತು, ಹೋಯಿತು. ಆ ಸಂತೋಷವನ್ನು ಹೇಗೆ ಹೇಳಲಿ... ಬಾಯಲ್ಲಿ ಗಾಳಿಯ ಕೊಳವೆ ಇಲ್ಲದಿದ್ದರೆ ಕೂಗಿಬಿಡುತ್ತಿದ್ದೆ. ದೊಡ್ಡ ಕ್ಯಾಮೆರಾದ ಡಾಕ್ಟರು ಎರಡೂ ಕೈಯಲ್ಲಿ ಅದನ್ನು ಸಂಭಾಳಿಸುವಷ್ಟರಲ್ಲಿ ಆಮೆಯ ಬಾಲವೂ ಕಾಣುತ್ತಿರಲಿಲ್ಲ.

ದೋಣಿಗೆ ಬಂದ ಮೇಲೆ ಎಲ್ಲರೂ ಮುತ್ತಿಕೊಂಡರು. ಪೆಟ್ಟಿಗೆಯ ಗಾಜಿನ ಮೇಲೆ ನೀರ ಹನಿ, ಬಿಸಿಲಿನ ಝಳ, ಒಳಗಿನ ಸ್ಕ್ರೀನಿನಲ್ಲಿ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. "ಹೊರಗೆ ತೆಗೀರಿ ಟೀಚರ್, ಆಮೆ ಎಲ್ಲಿ ಉಂಟು ನೋಡುವ" ಎಂದರು ಡಾಕ್ಟರು. ಅವರು ನನ್ನ ಫೋಟೋ ನೋಡಬೇಕು ಎಂದರಲ್ಲ, ಅಷ್ಟೇ ಸಾಕಾಯಿತು ನನಗೆ. ಪೊರ್ಬುಗಳ ಮಾತು ನೆನಪಾಗಲಿಲ್ಲ ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ನೆನಪಾಯಿತು. ಹಿರಿಯರು ಜಾಸ್ತಿ ಹೆದರುತ್ತಾರೆ ಎಂದುಕೊಂಡೆ. ಕೆಂಪು ಚೌಕಳಿಯ ಹತ್ತಿಯ ಬೈರಾಸಿನಲ್ಲಿ ಕೈಯನ್ನೂ ಪೆಟ್ಟಿಗೆಯನ್ನೂ ಒರೆಸಿ, ತೆರೆದು, ಕ್ಯಾಮೆರಾವನ್ನು ಕೈಯಿಂದ ಕೈಗೆ ದಾಟಿಸಿದೆ. ಹೊಗಳಿದರು. ಬ್ಯಾಂಕಿನವರೊಬ್ಬರು ತಮಗೂ ಇದೇ ಬೇಕೆಂದರು. ಅಷ್ಟರಲ್ಲಿ ಎರಡನೆಯ ಸಲ ಇಳಿಯಲು ಕರೆದರು. ಅವಸರದಲ್ಲಿ ಮುಚ್ಚಿದೆ.

ಕೆಳಗೆ ಹೋಗಿ ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯ ಮೂಲೆಯಿಂದ ಸಣ್ಣ ಸಣ್ಣ ಗುಳ್ಳೆಗಳು ಒಂದೊಂದಾಗಿ ಮೇಲೆ ಹೋಗುವುದು ಕಂಡಿತು. ಒಳಗೆ, ಗಾಜಿನ ಕೆಳಗಡೆ, ಬೆರಳು ದಪ್ಪದ ನೀರು ನಿಂತಿತ್ತು. ನೋಡುತ್ತಿದ್ದಂತೆ ಸ್ಕ್ರೀನು ಒಮ್ಮೆ ಬೆಳಗಿ ಕಪ್ಪಾಯಿತು. ಮೇಲೆ ಬಂದು ದೋಣಿಯ ಹಿಂಭಾಗದಲ್ಲಿ ಕುಳಿತು ಪೆಟ್ಟಿಗೆ ತೆರೆದಾಗ ರಬ್ಬರ್ ರಿಂಗಿನ ಮೇಲೆ ಅಡ್ಡಕ್ಕೆ ಮಲಗಿತ್ತು, ನನ್ನ ಬೈರಾಸಿನ ಒಂದು ಕೆಂಪು ಎಳೆ. ಬೆರಳಿನ ಉಗುರಿನಷ್ಟು ಉದ್ದ. ಯಾರಾದರೂ ನೋಡಿದರೇ ಎಂದು ಸುತ್ತ ನೋಡಿದೆ. ಎಳೆಯನ್ನು ಚಿವುಟಿ ತೆಗೆದು ಸಮುದ್ರಕ್ಕೆ ಬಿಟ್ಟೆ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, "ಪೆಟ್ಟಿಗೆಯೇ ಲೀಕು ಮಾರಾಯ್ರೇ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಂದ ಗಾದೆ ವಿಸ್ತರಿಸಿ ಬರೆಸುವ ಶಾಲೆಯಲ್ಲಿ ಇರುವವಳು ನಾನು. ನನ್ನ ಮಾತು ದಡ ಮುಟ್ಟುವ ಮೊದಲೇ ಬೆಳೆಯಿತು. ಹಳೇ ಕಾಲದವರ ಹತ್ತಿರ ತೆಗೆದುಕೊಂಡರೆ ಹೀಗೆಯೇ ಎಂದರು ಒಬ್ಬರು. ಬಾವಿಯಲ್ಲಿ ಟೆಸ್ಟ್ ಮಾಡುವುದಂತೆ, ತೆರ್ಸು ಹೇಳುವುದಂತೆ ಎಂದು ಇನ್ನೊಬ್ಬರು ನಕ್ಕರು. ಬಾವಿಯ ಕಥೆಯನ್ನು ಬರುವಾಗ ದಾರಿಯಲ್ಲಿ ರಸವತ್ತಾಗಿ ಹೇಳಿದವಳು ನಾನೇ. ದೋಣಿಯಲ್ಲಿ ತೆರೆಯಬಾರದೆಂಬ ಮಾತನ್ನು ಮಾತ್ರ ಹೇಳಿರಲಿಲ್ಲ. ನಾನೂ ನಕ್ಕೆ. ಅವರ ಹತ್ತಿರ ಕ್ಯಾಮೆರಾ ತೆಗೆದುಕೊಳ್ಳುತ್ತೇವೆಂದಿದ್ದವರು ಒಬ್ಬರೂ ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಮಾರನೆಯ ದಿನ ಅಂಗಡಿಗೆ ಹೋದೆ. ಪೊರ್ಬುಗಳು ಬಾಗಿಲಿಗೇ ಎದ್ದು ಬಂದರು, ಫೋಟೋ ಹೇಗೆ ಬಂತು ಎಂದು ಕೇಳಲು. ಉಪ್ಪು ಕಟ್ಟಿದ ಕ್ಯಾಮೆರಾವನ್ನು ಪೆಟ್ಟಿಗೆ ಸಮೇತ ಮೇಜಿನ ಮೇಲೆ ಇಟ್ಟೆ. ಅವರು ಕನ್ನಡಕ ಇಳಿಸಿ ಅದನ್ನು ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ದೋಣಿಯಲ್ಲಿ ತೆರೆದಿದ್ರಾ ಟೀಚರ್?"

"ಇಲ್ಲ ಪೊರ್ಬುಗಳೇ."

ಅವರು ಮತ್ತೆ ಕೇಳಲಿಲ್ಲ. ಟೀಚರು ಹೇಳಿದ ಮೇಲೆ ಮುಗಿಯಿತು. ನನ್ನನ್ನು ಅಷ್ಟು ನಂಬಿದ್ದರು. ಮೊದಲನೆಯ ಸಲ ಮುಳುಗಿದಾಗ ನೀರು ಬಂದಿರಲಿಲ್ಲ ಎಂಬುದನ್ನೂ ನಾನು ಹೇಳಲಿಲ್ಲ. ಹೌದು ಎನ್ನಲು ಎಷ್ಟು ಹೊತ್ತು ಬೇಕಿತ್ತು? ಅವರು ಬೈಯುವವರೂ ಅಲ್ಲ. ನಾನು ಹೇಳಿದ್ದೆನಲ್ಲ ಎಂದು ಒಂದು ಮಾತು ಅನ್ನುತ್ತಿದ್ದರು, ಆಂಟಿಗೆ ಹೇಳಿ ನಗುತ್ತಿದ್ದರು. ಅಷ್ಟಕ್ಕೆ ಹೆದರಿದೆನೇ, ಅಥವಾ ಗುಂಪಿನವರಿಗೆ ಗೊತ್ತಾದರೆ ಎಂದು ಹೆದರಿದೆನೇ?

ಒಂದು ವಾರ ಬಿಟ್ಟು ಫೋನು ಮಾಡಿ ಕರೆದರು. ಪೆಟ್ಟಿಗೆಯನ್ನು ತೊಳೆದು, ಮತ್ತೆ ಬಾವಿಗೆ ಇಳಿಸಿದ್ದರು, ಒಂದಲ್ಲ ಮೂರು ಸಲ. ಮೂರು ಸಲವೂ ಕಾಗದ ಒಣಗಿಯೇ ಇತ್ತು. ಅವರ ಮುಖದಲ್ಲಿ ಸಂತೋಷ ಕಾಣುತ್ತದೆ ಎಂದುಕೊಂಡಿದ್ದೆ. ಅವರು ಮೆಲ್ಲನೆ ಹೇಳಿದರು, "ಪೆಟ್ಟಿಗೆ ಸರಿ ಉಂಟು. ನೀವು ತೆರೆದಿಲ್ಲ. ಹಾಗಾದ್ರೆ ಮುಚ್ಚಿದವನದ್ದೇ ತಪ್ಪು, ಅಲ್ವಾ."

ನನಗೆ ನೆಲ ಬಿರಿಯಬಾರದೇ ಅನಿಸಿತು. ಇಷ್ಟು ನೇರವಾದ ಲೆಕ್ಕ ನನಗೆ ಮೊದಲು ಹೊಳೆದಿರಲಿಲ್ಲ. ನಾನು ಪೆಟ್ಟಿಗೆಯ ಮೇಲೆ ಹಾಕಿದ್ದೇನೆ ಎಂದುಕೊಂಡ ತಪ್ಪು ಹೋಗಿ ಅವರ ಕೈಯ ಮೇಲೆ ಕುಳಿತಿತ್ತು. ಆಗಲಾದರೂ ಹೇಳಬೇಕಿತ್ತು... ಅವರು ಕ್ಯಾಮೆರಾದ ಕಾರ್ಡನ್ನು ಹೇಗೋ ಶುದ್ಧ ಮಾಡಿ ಉಳಿಸಿದ್ದರು. ಆಮೆಯ ಫೋಟೋವನ್ನು ದೊಡ್ಡದಾಗಿ ಪ್ರಿಂಟು ಹಾಕಿ ಕೊಟ್ಟರು. ಕಪಾಟಿನಿಂದ ಅದೇ ಮಾದರಿಯ ಇನ್ನೊಂದು ಕ್ಯಾಮೆರಾ ತೆಗೆದು ದುಡ್ಡು ಬೇಡವೆಂದು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದರು. ನಾನು ಅದನ್ನು ತೆಗೆದುಕೊಂಡೆ. ಹೌದು, ತೆಗೆದುಕೊಂಡೆ. ಬೇಡ ಎಂದರೆ ಅನುಮಾನ ಬರುತ್ತದೆಂದು ತೆಗೆದುಕೊಂಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇಲ್ಲಿ ಯಾರೂ ಕಳ್ಳ ಎನ್ನದೆಯೇ ನಾನು ಹೆಗಲು ಒರೆಸಿಕೊಳ್ಳುತ್ತಿದ್ದೆ.

ಆ ಮೇಲೆ ಅವರು ನೀರಿನ ಪೆಟ್ಟಿಗೆಗಳ ಕೆಲಸ ಬಿಟ್ಟರು. ಸ್ವಲ್ಪ ಸಮಯದಲ್ಲಿ ರಿಪೇರಿಯನ್ನೂ ಬಿಟ್ಟರು. ಯಾರಾದರೂ ಕ್ಯಾಮೆರಾ ತಂದರೆ, ಕಣ್ಣು ಸಾಲದು, ಬೇರೆಯವರಿಗೆ ಕೊಡಿ ಎನ್ನುತ್ತಿದ್ದರಂತೆ. ಕಣ್ಣಿನ ಡಾಕ್ಟರು ಏನೂ ತೊಂದರೆ ಇಲ್ಲ ಎಂದಿದ್ದರು. ಆದರೆ ಅವರು ಡಾಕ್ಟರನ್ನು ನಂಬಲಿಲ್ಲ, ನನ್ನನ್ನು ನಂಬಿದರು. ಇದನ್ನೆಲ್ಲ ನನಗೆ ಹೇಳಿದ್ದು ಅದೇ ಕಟ್ಟಡದ ಕೆಳಗಿನ ಹಣ್ಣಿನ ಅಂಗಡಿಯವರು. ನಾನು ಹಂಪನಕಟ್ಟೆಗೆ ಹೋದರೆ ರಸ್ತೆಯ ಆಚೆ ಬದಿಯಲ್ಲೇ ನಡೆಯುವ ಅಭ್ಯಾಸ ಮಾಡಿಕೊಂಡಿದ್ದೆ. ಒಂದು ದಿನ ಆಚೆ ಬದಿಯಿಂದಲೇ ನೋಡಿದೆ, ಮಹಡಿಯ ಕಿಟಕಿಯ ಬೋರ್ಡು ಇರಲಿಲ್ಲ.

ಒಮ್ಮೆ ಕದ್ರಿಯ ಪಾರ್ಕಿನಲ್ಲಿ ಸಂಜೆ ಸಿಕ್ಕಿದರು. ಬೆಂಚಿನಲ್ಲಿ ಒಬ್ಬರೇ ಕುಳಿತಿದ್ದರು, ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡು. ಆ ಕೈಗಳನ್ನು ನಾನು ಖಾಲಿಯಾಗಿ ನೋಡಿದ್ದು ಅದೇ ಮೊದಲು. ಇವತ್ತು ಹೇಳಿಯೇಬಿಡುತ್ತೇನೆ ಎಂದು ನಿರ್ಧರಿಸಿ ಪಕ್ಕದಲ್ಲಿ ಕುಳಿತೆ. ಬಾಯಿ ತೆರೆಯುವಷ್ಟರಲ್ಲಿ ಅವರೇ ಮಾತು ಶುರು ಮಾಡಿದರು.

"ಟೀಚರ್, ಆವತ್ತಿನದ್ದು ನನಗೆ ಮನಸ್ಸಿನಿಂದ ಹೋಗುವುದಿಲ್ಲ. ನಿಮ್ಮ ಮೊದಲನೇ ಕ್ಯಾಮೆರಾ. ನನ್ನ ಕೈಯಿಂದ ಹಾಗೆ ಆಗಬಾರದಿತ್ತು. ನೀವು ಬೇಜಾರು ಮಾಡ್ಬೇಡಿ."

ನಾನು ಏನು ಹೇಳಿದೆ ಗೊತ್ತೇ? "ಪರವಾಗಿಲ್ಲ ಪೊರ್ಬುಗಳೇ, ಎಂತ ಇಲ್ಲ" ಎಂದೆ. ನಾನು ಮಾಡಿದ ತಪ್ಪಿಗೆ ನಾನೇ ಅವರನ್ನು ಕ್ಷಮಿಸಿದೆ. ಅವರಿಗೆ ನಿಜವಾಗಿ ಸಮಾಧಾನವಾಯಿತು, ನನ್ನ ಕೈ ಹಿಡಿದು ದೇವ್ ಬರೆಂ ಕರುಂ ಎಂದರು. ದೇವರು ಒಳ್ಳೆಯದು ಮಾಡಲಿ ಎಂದು ಅದರ ಅರ್ಥ. ನಾನು ಬೇಗ ಎದ್ದು ಬಂದೆ. ಅವರನ್ನು ಮತ್ತೆ ನೋಡಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಶಾಲೆಯಲ್ಲಿ ಪರೀಕ್ಷೆ ಇತ್ತು, ಹೋಗಲಿಲ್ಲ. ಪರೀಕ್ಷೆ ಇರದಿದ್ದರೂ ಹೋಗುತ್ತಿರಲಿಲ್ಲ.

ಇಷ್ಟು ವರ್ಷ ಮುಚ್ಚಿಟ್ಟವಳು ಮೊನ್ನೆ ಆ ಬಿಳಿ ಪೊಟ್ಟಣ ಬಿದ್ದ ಮೇಲೆ ನಿದ್ದೆ ಇಲ್ಲದೆ, ಆದಿತ್ಯವಾರ ಬೆಳಿಗ್ಗೆ ಕದ್ರಿಗೆ ಹೋದೆ. ಆಂಟಿ ಈಗ ತುಂಬ ಇಳಿದುಹೋಗಿದ್ದಾರೆ. ಗುರುತು ಹಿಡಿದರು. "ಓ, ಆಮೆ ಟೀಚರ್" ಎಂದರು. ಆ ಮನೆಯಲ್ಲಿ ನನಗೆ ಅಂಥದೊಂದು ಹೆಸರಿತ್ತು ಎಂದು ನನಗೆ ಗೊತ್ತಿರಲಿಲ್ಲ. ಚಹಾ ಮಾಡಿದರು. ಕೊನೆಯ ವರ್ಷಗಳಲ್ಲಿ ಅವರು ಹೇಗಿದ್ದರು ಎಂದು ಕೇಳಿದೆ. ಏನೂ ಮುಟ್ಟುತ್ತಿರಲಿಲ್ಲ, ಗೋಡೆ ಗಡಿಯಾರದ ಸೆಲ್ಲು ಬದಲಾಯಿಸಲೂ ಪಕ್ಕದ ಮನೆಯವರನ್ನು ಕರೆಯುತ್ತಿದ್ದರು, ನನ್ನಿಂದ ಹಾಳಾಗುತ್ತದೆ ಎನ್ನುತ್ತಿದ್ದರು ಎಂದರು. ಹೇಳುವಾಗ ಆಂಟಿಯ ದನಿಯಲ್ಲಿ ದೂರು ಇರಲಿಲ್ಲ. ನಾನು ಚಹಾದ ಲೋಟ ಕೆಳಗಿಟ್ಟು ಹೇಳಿದೆ. ದೋಣಿಯಲ್ಲಿ ತೆರೆದದ್ದು ನಾನು, ಎಳೆ ನನ್ನ ಬೈರಾಸಿನದ್ದು, ಅವರು ಕೇಳಿದಾಗ ಇಲ್ಲ ಎಂದೆ. ಎಲ್ಲವನ್ನೂ ಹೇಳಿದೆ. ಅತ್ತೆ, ಬಹಳ ಅತ್ತೆ.

ಆಂಟಿ ಅಳಲಿಲ್ಲ. ಸಿಟ್ಟೂ ಮಾಡಲಿಲ್ಲ. ಅಂಗಳದ ಬಾವಿಯ ಕಡೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಮಕ್ಕಳಿಗೆ ಹೇಳುವಷ್ಟು ಮೆಲ್ಲನೆ ಹೇಳಿದರು.

"ಇದನ್ನು ನನಗೆ ಯಾಕೆ ಹೇಳ್ತೀರಿ ಟೀಚರ್? ಅವರ ಕೈ ಸರಿ ಉಂಟು ಅಂತ ನನಗೆ ಯಾವಾಗ್ಲೂ ಗೊತ್ತಿತ್ತು. ಗೊತ್ತಿಲ್ಲದ್ದು ಅವರಿಗೆ."

ಆಂಟಿ ಲೋಟ ಎತ್ತಿಕೊಂಡು ಒಳಗೆ ಹೋದರು, ತೊಳೆಯುವ ಸದ್ದು ಕೇಳಿತು. ನಾನು ಗೇಟು ಹಾಕಿಕೊಂಡು ಇಳಿಜಾರಿನ ರಸ್ತೆಯಲ್ಲಿ ನಡೆದು ಬಂದೆ. ಇನ್ನು ಹೇಳಬೇಕಾದ ಮನುಷ್ಯ ಇಲ್ಲ.